ಹೊಸ ಟಿವಿ: ಅಂಗಡಿಯಲ್ಲಿ ಕಂಡದ್ದು, ಚಾವಡಿಯಲ್ಲಿ ಕಾಣುವುದು

ಓದುಗರ ಪ್ರಶ್ನೆಗೆ ಉಡುಪಿಯ ಟಿವಿ ಮೆಕ್ಯಾನಿಕ್ ಒಬ್ಬರ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವರು ಕೇಳಿದ್ದು ಯಾವ ಕಂಪನಿಯ ಟಿವಿ ಒಳ್ಳೆಯದು ಅಂತ. ಪಿಕ್ಚರ್ ಟ್ಯೂಬಿನ ಕಾಲದಿಂದ ಟಿವಿ ಬಿಚ್ಚಿ ಜೋಡಿಸುತ್ತಾ ಬಂದವನಾಗಿ ನಾನು ಮೊದಲು ವಿಚಾರಿಸುವುದು ಕಂಪನಿಯನ್ನಲ್ಲ. ಮನೆಯಲ್ಲಿ ಯಾರು ಕೂತು ನೋಡುತ್ತಾರೆ, ಎಷ್ಟು ದೂರದಿಂದ, ಏನು ನೋಡುತ್ತಾರೆ, ಗೋಡೆ ಎಂಥದ್ದು, ಅರ್ಥಿಂಗ್ ಹೇಗಿದೆ, ಇಷ್ಟು ಗೊತ್ತಾದರೆ ಟಿವಿ ಆರಿಸುವುದು ಕಷ್ಟವಲ್ಲ. ಇವನ್ನೆಲ್ಲ ಬಿಡಿಸಿ ಬರೆದವರ ಪತ್ರಗಳನ್ನೇ ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ಹಂಚಿನ ಮನೆ. ಚಾವಡಿಯಲ್ಲಿ ಟಿವಿಯಿಂದ ಮಾವನವರ ಕುರ್ಚಿಗೆ 11 ಅಡಿ. ಅವರು ಹಗಲು ಕೇಬಲ್‌ನಲ್ಲಿ ನ್ಯೂಸ್, ರಾತ್ರಿ ಯೂಟ್ಯೂಬಿನಲ್ಲಿ ಯಕ್ಷಗಾನದ ಲೈವ್ ನೋಡುತ್ತಾರೆ. ಕಿವಿ ಸ್ವಲ್ಪ ಮಂದ. 43 ಇಂಚಿನ 4ಕೆ ಸಾಕು ಅಂತ ಮಗ, 55 ಬೇಕು ಅಂತ ಯಜಮಾನರು. ಬಜೆಟ್ 40,000 ರೂಪಾಯಿ. ಯಾವುದು ತರುವುದು?
(ಗೃಹಿಣಿ, ಬ್ರಹ್ಮಾವರ)

ಉತ್ತರ: ಟೇಪು ಹಿಡಿದು ಅಳೆದು ಬರೆದಿದ್ದೀರಿ, ಬಹಳ ಉಪಕಾರವಾಯಿತು. ಪರದೆಯ ಮೂಲೆಯಿಂದ ಎದುರು ಮೂಲೆಗೆ ಇರುವ ಅಳತೆಯೇ ಟಿವಿಯ ಇಂಚು. ಅದರ ಒಂದೂವರೆ ಪಟ್ಟಿನಿಂದ ಎರಡೂವರೆ ಪಟ್ಟು ದೂರದೊಳಗೆ ಕೂತರೆ ನೋಡಲು ಹಿತ. 43 ಇಂಚಿಗೆ ಅದು ಹೆಚ್ಚೆಂದರೆ 9 ಅಡಿ, 50ಕ್ಕೆ ಹತ್ತೂವರೆ, 55ಕ್ಕೆ ಹನ್ನೊಂದೂವರೆ. ಹಾಗಾಗಿ ನಿಮ್ಮ ಚಾವಡಿಗೆ 43 ಸಣ್ಣದಾಯಿತು.

ಮಗ ಹೇಳುವ 4ಕೆ ವಿಷಯ. ಅದರಲ್ಲಿ ಅಡ್ಡಕ್ಕೆ 3840, ಎತ್ತರಕ್ಕೆ 2160 ಚುಕ್ಕೆಗಳು. ಫುಲ್ ಎಚ್‌ಡಿಯಲ್ಲಿ 1920 ಮತ್ತು 1080. ಒಟ್ಟು ಚುಕ್ಕೆ ನಾಲ್ಕು ಪಟ್ಟು ಜಾಸ್ತಿ, ಅದು ಸರಿಯೇ. ಆದರೆ 43 ಇಂಚಿನ ಪರದೆಯಲ್ಲಿ ಆ ವ್ಯತ್ಯಾಸ ಕಣ್ಣಿಗೆ ಹಿಡಿಯಬೇಕಾದರೆ ಐದಾರು ಅಡಿಯೊಳಗೆ ಕೂರಬೇಕು. 11 ಅಡಿಯಾಚೆ ಕೂತ ಹಿರಿಯರಿಗೆ ಚುಕ್ಕೆ ಕಾಣುವುದಿಲ್ಲ, ವೇಷದ ಗಾತ್ರ ಕಾಣುತ್ತದೆ. ಅವರ ಮಟ್ಟಿಗೆ ಗಾತ್ರವೇ ಮುಖ್ಯ.

ಹಾಗಾದರೆ 55 ಅಲ್ಲವೇ ಅಂದರೆ, ನಾನು 50 ಅನ್ನುತ್ತೇನೆ. 40,000ದಲ್ಲಿ 55 ತಂದರೆ ಪೂರ್ತಿ ದುಡ್ಡು ಪರದೆಗೇ ಹೋಗುತ್ತದೆ, ಮಾವನವರ ಕಿವಿಗೆ ಏನೂ ಉಳಿಯುವುದಿಲ್ಲ. 50 ಇಂಚಿನ ಪರದೆ 43ಕ್ಕಿಂತ ಮೂರನೇ ಒಂದು ಪಾಲಿಗೂ ಮಿಕ್ಕಿ ದೊಡ್ಡದು. ಕುರ್ಚಿಯನ್ನು ಅರ್ಧ ಅಡಿ ಮುಂದಕ್ಕೆ ತಂದರೆ ಲೆಕ್ಕವೂ ಸರಿಹೋಯಿತು. ಉಳಿದ ಹಣದಲ್ಲಿ ಒಂದು ಸೌಂಡ್‌ಬಾರ್, ಅಂದರೆ ಟಿವಿಯ ಕೆಳಗೆ ಇಡುವ ಉದ್ದನೆಯ ಸ್ಪೀಕರ್, ತನ್ನಿ. ಇದನ್ನು ಒತ್ತಿ ಹೇಳುತ್ತೇನೆ. ಈಗಿನ ತೆಳು ಟಿವಿಗಳ ಸ್ಪೀಕರ್ ಸಣ್ಣದು, ಹೆಚ್ಚಿನದರಲ್ಲಿ ಅದರ ಬಾಯಿ ನೆಲದ ಕಡೆಗೆ. ಹಂಚಿನ ಮಾಡಿನ ಚಾವಡಿಯಲ್ಲಿ ಸ್ವರ ಮೇಲೆ ಚದುರಿ ಹೋಗುತ್ತದೆ. ವಾಲ್ಯೂಮ್ ಏರಿಸಿದರೆ ಚೆಂಡೆ ಜೋರಾಗುತ್ತದೆ ಹೊರತು ಭಾಗವತರ ಪದ ಸ್ಪಷ್ಟವಾಗುವುದಿಲ್ಲ. ವಯಸ್ಸಾದವರಿಗೆ ಮೊದಲು ತಪ್ಪುವುದು ಸ, ಶ, ತ, ಕ ಇಂಥ ಅಕ್ಷರಗಳ ಸಣ್ಣ ಸದ್ದು. ಅರ್ಥಗಾರಿಕೆ, ಅಂದರೆ ವೇಷಧಾರಿಗಳ ಮಾತು, ಅರ್ಥವಾಗದಿದ್ದರೆ ಯಕ್ಷಗಾನದ ಆಟ ನೋಡಿ ಏನು ಸುಖ? ಮಾತಿನ ಸ್ವರ ಎತ್ತಿ ಕೊಡುವ ವಾಯ್ಸ್ ಅಥವಾ ಡೈಲಾಗ್ ಮೋಡ್ ಇರುವ ಸೌಂಡ್‌ಬಾರ್ ಕೇಳಿ. ಟಿವಿಯ ‘ಎಆರ್‌ಸಿ’ ಅಂತ ಬರೆದ ಎಚ್‌ಡಿಎಂಐ ತೂತಿಗೇ ಅದನ್ನು ಜೋಡಿಸಿ, ಎರಡೂ ಕಡೆಯ ಸೆಟ್ಟಿಂಗಿನಲ್ಲಿ ಆನ್ ಮಾಡಿದರೆ ಒಂದೇ ರಿಮೋಟಿನಲ್ಲಿ ವಾಲ್ಯೂಮ್ ನಡೆಯುತ್ತದೆ. ಹಿರಿಯರಿಗೆ ಎರಡು ರಿಮೋಟು ಕೊಟ್ಟು ಕಷ್ಟ ಕೊಡಬೇಡಿ.

ಅಂಗಡಿಗೆ ಹೋಗುವಾಗ ಒಂದು ಪೆನ್‌ಡ್ರೈವಿನಲ್ಲಿ ನಿಮ್ಮದೇ ಆಟದ ರೆಕಾರ್ಡಿಂಗ್ ಹಾಕಿಕೊಂಡು ಹೋಗಿ. ಅಲ್ಲಿ ಓಡುವ ವಿಡಿಯೊ ಟಿವಿ ಮಾರಲೆಂದೇ ತೆಗೆದದ್ದು: ನಿಧಾನಕ್ಕೆ ಅರಳುವ ಹೂವು, ಬಣ್ಣದ ಹಕ್ಕಿ. ಅದರಲ್ಲಿ ಕೆಟ್ಟದಾಗಿ ಕಾಣುವ ಟಿವಿಯೇ ಇಲ್ಲ. ನಿಮ್ಮ ರೆಕಾರ್ಡಿಂಗ್ ಹಾಕಿಸಿ ಬಣ್ಣದ ವೇಷದ ಮುಖವನ್ನೇ ನೋಡಿ. ಕೆಂಪು ಕೆನ್ನೆಯ ಮೇಲಿನ ಬಿಳಿ ಗೆರೆ ಬೇರೆಯಾಗಿ ಎದ್ದು ಕಾಣುತ್ತದೋ, ಕೆಂಪು ಉಕ್ಕಿ ಗೆರೆಯನ್ನೇ ನುಂಗುತ್ತದೋ? ಕಪ್ಪು ದಗಲೆಯ (ವೇಷದ ಅಂಗಿಯ) ಮಡಿಕೆ ಕಾಣುತ್ತದೋ, ಇಡೀ ಮೈ ಒಂದೇ ಕಪ್ಪು ಮುದ್ದೆಯೋ? ಇದನ್ನು ಪಿಕ್ಚರ್ ಮೋಡ್ ‘ವಿವಿಡ್’ ತೆಗೆಸಿ, ‘ಸಿನೆಮಾ’ ಅಥವಾ ‘ಸ್ಟ್ಯಾಂಡರ್ಡ್’ ಹಾಕಿಸಿಯೇ ನೋಡಬೇಕು. ಆಮೇಲೆ ನಾಲ್ಕು ಹೆಜ್ಜೆ ಬದಿಗೆ ಸರಿದು ನಿಲ್ಲಿ. ಬಣ್ಣ ಬಿಳಿಚಿಕೊಂಡರೆ ಅದು ವಿಎ ಎಂಬ ಬಗೆಯ ಪ್ಯಾನೆಲ್ (ಪರದೆಯ ಫಲಕ) ಇರಬಹುದು. ಅದರಲ್ಲಿ ಕಪ್ಪು ಚೆನ್ನಾಗಿ ಬರುತ್ತದೆ, ಆದರೆ ಎದುರಿಗೆ ಕೂತವರಿಗೆ ಮಾತ್ರ. ಬದಿಯಿಂದಲೂ ಬಣ್ಣ ನಿಲ್ಲುವುದು ಐಪಿಎಸ್ ಪ್ಯಾನೆಲ್ಲಿನಲ್ಲಿ. ಚಾವಡಿಯಲ್ಲಿ ಒಬ್ಬರು ಕುರ್ಚಿ, ಒಬ್ಬರು ಮಂಚ, ಮಕ್ಕಳು ನೆಲ ಅಂತ ಕೂರುವ ಮನೆಗೆ ಐಪಿಎಸ್ ಒಳ್ಳೆಯದು.

ತೆಂಕುತಿಟ್ಟಿನ ಧೀಂಗಿಣವಾಗಲಿ ಬಡಗುತಿಟ್ಟಿನ ಮಂಡಿಯಾಗಲಿ, ವೇಷದ ವೇಗದ ಸುತ್ತು ಲೈವಿನಲ್ಲಿ ಕಲಸಿದ ಹಾಗೆ ಕಂಡರೆ ಟಿವಿಯನ್ನು ಬೈಯಬೇಡಿ. ಹೆಚ್ಚಾಗಿ ಅದು ಆಟ ನಡೆಯುವ ಗದ್ದೆಯಿಂದ ಮೊಬೈಲ್ ನೆಟ್ಟಿನಲ್ಲಿ ಕಳಿಸುವ ಚಿತ್ರದ ಮಿತಿ. ಓಡುವ ಚಿತ್ರವನ್ನು ನಯ ಮಾಡುವ ಟಿವಿಯ ‘ಮೋಷನ್ ಸ್ಮೂದಿಂಗ್’ ಸೆಟ್ಟಿಂಗ್ ಆಫ್ ಮಾಡಿ. ಇಲ್ಲದಿದ್ದರೆ ತಿರುಗುವ ವೇಷದ ಸುತ್ತ ನೆರಳಿನಂಥ ಅಂಚು ಬರುತ್ತದೆ.

ಕೇಬಲ್ ಬಾಕ್ಸ್ ಹಳೆಯದಿದ್ದು ಹಳದಿ, ಕೆಂಪು, ಬಿಳಿ ಪಿನ್ನಿನ ವಯರಿನಲ್ಲಿ ಜೋಡಿಸಿದ್ದರೆ ಎಚ್‌ಡಿ ಬಾಕ್ಸಿಗೆ ಬದಲಾಯಿಸಿ ಎಚ್‌ಡಿಎಂಐ ವಯರ್ ಹಾಕಿಸಿ. ಹಳೆ ವಯರಿನಲ್ಲಿ ಬರುವುದು 576 ಗೆರೆಯ ಚಿತ್ರ. ಅದನ್ನು 2160 ಗೆರೆಗೆ ಎಳೆದಾಗ ನ್ಯೂಸ್ ಓದುವವರ ಮುಖ ಮಸುಕಾಗುತ್ತದೆ, ಆಮೇಲೆ ‘ಹಳೆ ಟಿವಿಯೇ ಒಳ್ಳೆಯದಿತ್ತು’ ಅಂತ ಫೋನ್ ಬರುತ್ತದೆ. ಇನ್ನೊಂದು, ಹೊಸ ಟಿವಿಗಳ ಕಾಲು ಎರಡೂ ತುದಿಗೆ ಇರುತ್ತವೆ. 50 ಇಂಚಿನದ್ದು ಅಡ್ಡಕ್ಕೆ ಮೂರು ಅಡಿ ಏಳೂವರೆ ಇಂಚು. ಹಳೆ ಸ್ಟ್ಯಾಂಡಿನ ಹಲಗೆ ಸಾಲುತ್ತದೋ ಅಂತ ಈಗಲೇ ಅಳೆದುಕೊಳ್ಳಿ.

ಪ್ರಶ್ನೆ: ಹಳೆ ಕೊಟೇಶನ್ ಒಂದಿದೆ, 2025ರ ಆಗಸ್ಟಿನದ್ದು. ಅದೇ 43 ಇಂಚಿನ ಮಾಡೆಲ್ ಈಗ ಅದೇ ರೇಟಿಗೆ ಕೊಡುತ್ತೇನೆ ಅನ್ನುತ್ತಾರೆ. ತಗೊಳ್ಳಬಹುದೇ?
(ಓದುಗರು, ಕುಂದಾಪುರ)

ಉತ್ತರ: ಕೇಳದೆ ತಗೊಳ್ಳಬೇಡಿ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಮೂಲ ಬೆಲೆ ಅಷ್ಟೇ ಇದ್ದರೆ ಒಟ್ಟು ಬಿಲ್ಲು ಶೇಕಡಾ ಏಳೆಂಟರಷ್ಟು ಕಮ್ಮಿಯಾಗಬೇಕು. ಮೂಲ ಬೆಲೆಯೇ ಏರಿದೆಯೋ ಅಂತ ಬಿಲ್ಲಿನಲ್ಲಿ ಬಿಡಿಸಿ ತೋರಿಸಲು ಹೇಳಿ. 32 ಮತ್ತು ಅದಕ್ಕಿಂತ ಸಣ್ಣದಕ್ಕೆ ಮೊದಲೂ 18 ಇತ್ತು, ಅಲ್ಲಿ ವ್ಯತ್ಯಾಸವಿಲ್ಲ.

ಪ್ರಶ್ನೆ: ಕಳೆದ ಮೇ ತಿಂಗಳಲ್ಲಿ ಸಿಡಿಲು ಬಡಿದು ಟಿವಿ ಹೋಯಿತು. ಸ್ವಿಚ್ ಆಫ್ ಮಾಡಿಯೇ ಇದ್ದೆವು. ವಾರಂಟಿಯಲ್ಲಿ ಬರುವುದಿಲ್ಲ ಅಂದರು. ಹೊಸದಕ್ಕೆ ಸ್ಟೆಬಿಲೈಸರ್ ಹಾಕಿದರೆ ಸಾಕೇ?
(ಕೃಷಿಕರು, ಮೂಡುಬಿದಿರೆ)

ಉತ್ತರ: ಬೇಸರದ ಸಂಗತಿ. ನಮ್ಮ ಕಡೆ ಮುಂಗಾರಿಗೆ ಮೊದಲು ಏಪ್ರಿಲ್, ಮೇಯಲ್ಲಿ, ಮತ್ತೆ ಅಕ್ಟೋಬರ್ ಸಂಜೆಗಳಲ್ಲಿ ಗುಡುಗು ಬಂದ ಮರುದಿನ ನನ್ನ ಮೇಜಿನ ಮೇಲೆ ಇಂಥ ಟಿವಿಗಳೇ. ಬಿಚ್ಚಿ ನೋಡಿದರೆ ಎಷ್ಟೋ ಸಲ ಪವರ್ ಬೋರ್ಡಿಗೆ ಏನೂ ಆಗಿರುವುದಿಲ್ಲ. ಮೇನ್ ಬೋರ್ಡಿನಲ್ಲಿ ಎಚ್‌ಡಿಎಂಐ ತೂತಿನ ಹಿಂದಿನ ಸಣ್ಣ ಚಿಪ್ಪು ಮಾತ್ರ ಸುಟ್ಟಿರುತ್ತದೆ, ಸುತ್ತ ಹಸುರು ಬೋರ್ಡು ಕಂದಾಗಿರುತ್ತದೆ. ಅಂದರೆ ಕರೆಂಟು ಬಂದದ್ದು ಪ್ಲಗ್ಗಿನಿಂದಲ್ಲ. ತಾರಸಿಯ ಡಿಶ್, ಅದರ ವಯರ್, ಸೆಟ್‌ಟಾಪ್ ಬಾಕ್ಸ್, ಅಲ್ಲಿಂದ ಟಿವಿ, ಇದು ದಾರಿ. ಸ್ವಿಚ್ ಆಫ್ ಮಾಡಿದ್ದರಿಂದ ಈ ದಾರಿ ಮುಚ್ಚುವುದಿಲ್ಲ.

ಹಾಗಾಗಿ ಮೋಡ ಕಟ್ಟುವಾಗಲೇ, ಗುಡುಗು ಕೇಳುವ ಮೊದಲೇ, ಟಿವಿಯ ಪ್ಲಗ್ ಕಿತ್ತು ಬಾಕ್ಸಿನಿಂದ ಡಿಶ್ ವಯರನ್ನೂ ತಿರುಗಿಸಿ ತೆಗೆಯಿರಿ. ಗುಡುಗು ಕೇಳತೊಡಗಿದ ನಂತರ ವಯರ್ ಮುಟ್ಟಲೇಬೇಡಿ, ಟಿವಿ ಹೋದರೆ ಹೋಗಲಿ. ಫೈಬರ್ ಇಂಟರ್ನೆಟ್ಟಿನ ಗಾಜಿನ ಎಳೆ ಕರೆಂಟು ಒಯ್ಯುವುದಿಲ್ಲ, ಆದರೆ ರೂಟರಿನಿಂದ ಟಿವಿಗೆ ಹೋಗುವ ಲ್ಯಾನ್ ವಯರ್ ತಾಮ್ರದ್ದು. ಅದರ ಬದಲು ವೈಫೈ ಬಳಸಿ.

ಸ್ಟೆಬಿಲೈಸರ್ ಬೇಡ. ಈಗಿನ ಹೆಚ್ಚಿನ ಟಿವಿಗಳು 100ರಿಂದ 240 ವೋಲ್ಟಿನವರೆಗೆ ಹಾಗೇ ಓಡುತ್ತವೆ, ಹಿಂದಿನ ಲೇಬಲ್ಲಿನಲ್ಲಿ ಬರೆದಿರುತ್ತದೆ. ಸಿಡಿಲಿಗೆ ಸ್ಟೆಬಿಲೈಸರ್ ಮದ್ದಲ್ಲ. ಸರ್ಜ್ ಪ್ರೊಟೆಕ್ಟರ್ ಹಾಕಿ, ಆದರೆ ಅದು ಹೆಚ್ಚುವರಿ ವೋಲ್ಟೇಜನ್ನು ಇಳಿಸುವುದು ಭೂಮಿಗೆ. ಅರ್ಥಿಂಗ್ ಸರಿಯಿಲ್ಲದಿದ್ದರೆ ಇಳಿಸಲು ಜಾಗವಿಲ್ಲ. ನಮ್ಮ ಮುರಕಲ್ಲಿನ (ಕೆಂಪುಕಲ್ಲಿನ) ನೆಲ ಬೇಸಗೆಯಲ್ಲಿ ಒಣಗಿ ಕರೆಂಟು ಎಳೆದುಕೊಳ್ಳುವುದಿಲ್ಲ, ಸಿಡಿಲು ಬರುವುದೂ ಆಗಲೇ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಅರ್ಥ್ ಗುಂಡಿಗೆ ಆಗಾಗ ನೀರು ಹೊಯ್ಯಿರಿ, ವರ್ಷಕ್ಕೊಮ್ಮೆ ಎಲೆಕ್ಟ್ರಿಷಿಯನ್ನಿಂದ ಅಳೆಸಿ. ಡಿಶ್ಶಿನ ಕಂಬಕ್ಕೂ ಅರ್ಥ್ ಕೊಡಿಸಿ. ಪ್ರೊಟೆಕ್ಟರಿನ ಸಣ್ಣ ದೀಪ ಆರಿದರೆ ಅದರ ಒಳಗಿನ ಭಾಗ ಸವೆದಿದೆ ಅಂತ, ಹೊಸದು ಹಾಕಬೇಕು.

ಪ್ರಶ್ನೆ: ತಮ್ಮ ದುಬೈಯಿಂದ ರಜೆಗೆ ಬರುವಾಗ 55 ಇಂಚಿನ ಟಿವಿ ತರುತ್ತೇನೆ ಅನ್ನುತ್ತಾನೆ. ಅಲ್ಲಿ ಅಗ್ಗವಂತೆ. ತರಿಸಲೇ?
(ಓದುಗರು, ಶಿರ್ವ)

ಉತ್ತರ: ತಮ್ಮನ ಪ್ರೀತಿ ದೊಡ್ಡದು, ಆದರೆ ಬೇಡ ಅನ್ನಿ. 2013ರ ಆಗಸ್ಟ್ 26ರಿಂದ ಫ್ಲ್ಯಾಟ್ ಟಿವಿಯನ್ನು ಸುಂಕವಿಲ್ಲದ ಬ್ಯಾಗೇಜಿನಿಂದ ತೆಗೆದಿದ್ದಾರೆ. ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದಾಗ ಸುಂಕ ಕೇಳಿದರೆ ಅಗ್ಗದ ಲೆಕ್ಕ ಅಲ್ಲಿಗೇ ಮುಗಿಯಿತು. ಕರೆಂಟಿನ ತೊಂದರೆ ಇಲ್ಲ, ಅಲ್ಲಿಯೂ 50 ಹರ್ಟ್ಸ್, ಪ್ಲಗ್ ಬದಲಾಯಿಸಿದರೆ ನಡೆಯುತ್ತದೆ. ತೊಂದರೆ ಇರುವುದು ವಾರಂಟಿಯದ್ದು, ಅದು ಸಾಮಾನ್ಯವಾಗಿ ಕೊಂಡ ದೇಶಕ್ಕೆ ಮಾತ್ರ. ಅಲ್ಲಿನ ಮಾಡೆಲ್ಲಿನ ಬೋರ್ಡು ಇಲ್ಲಿ ಹುಡುಕುವ ಕಷ್ಟ ನನಗೆ ಗೊತ್ತು. ಜತೆಗೆ ವಿಮಾನದ ಸಾಮಾನಿನಲ್ಲಿ ಪ್ಯಾನೆಲ್ಲಿಗೆ ಬಿರುಕು ಬಿದ್ದರೆ ಮುಗಿಯಿತು, ಅದರ ಬೆಲೆಯೇ ಟಿವಿಯ ಬೆಲೆಯ ದೊಡ್ಡ ಪಾಲು. ಅದೇ ಹಣದಲ್ಲಿ ಇಲ್ಲೇ ಕೊಡಿಸಲಿ, ಬಿಲ್ಲು ನಿಮ್ಮ ಹೆಸರಿನಲ್ಲಿರಲಿ.

ಪ್ರಶ್ನೆ: ಒಎಲ್‌ಇಡಿ, ಕ್ಯೂಎಲ್‌ಇಡಿ ಎರಡೂ ಒಂದೇ ಅಲ್ಲವೇ?
(ವಿದ್ಯಾರ್ಥಿ, ಮಣಿಪಾಲ)

ಉತ್ತರ: ಅಲ್ಲ. ಕ್ಯೂಎಲ್‌ಇಡಿ ಮಾಮೂಲಿ ಎಲ್‌ಇಡಿ ಟಿವಿಯೇ, ಹಿಂದಿನಿಂದ ಬೆಳಕು ಬರುತ್ತದೆ, ಬಣ್ಣಕ್ಕೆ ಒಂದು ಪದರ ಹೆಚ್ಚು. ಒಎಲ್‌ಇಡಿಯಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಕತ್ತಲ ಕೋಣೆಯಲ್ಲಿ ಸಿನೆಮಾ ನೋಡುವವರಿಗೆ ಅದಕ್ಕೆ ಸಾಟಿಯಿಲ್ಲ. ಆದರೆ ದಿನವಿಡೀ ಒಂದೇ ನ್ಯೂಸ್ ಚಾನೆಲ್ ಹಾಕಿಡುವ ಮನೆಗೆ ತರಬೇಡಿ, ಲೋಗೋ ಮತ್ತು ಕೆಳಗಿನ ಪಟ್ಟಿಯ ಗುರುತು ಪರದೆಯಲ್ಲಿ ಉಳಿದುಬಿಡಬಹುದು.

ಪ್ರಶ್ನೆ: ಸಮುದ್ರದ ಹತ್ತಿರ ಮನೆ. ಪಡುಗೋಡೆ ಮಳೆಗಾಲದಲ್ಲಿ ಒಸರುತ್ತದೆ. ಅದರ ಮೇಲೇ ಟಿವಿ ತೂಗು ಹಾಕಬೇಕೆಂದಿದ್ದೇವೆ.
(ಓದುಗರು, ಉಳ್ಳಾಲ)

ಉತ್ತರ: ಬೇರೆ ಗೋಡೆ ಇದ್ದರೆ ಅದಕ್ಕೇ ಹಾಕಿ. ಇದೇ ಆಗಬೇಕಾದರೆ ಮೊದಲು ಗೋಡೆಗೆ ಪ್ಲೈವುಡ್ ಹಲಗೆ ಬಿಗಿದು, ಅದರ ಮೇಲೆ ಮೂರು ಇಂಚಾದರೂ ಮುಂದೆ ನಿಲ್ಲುವ ಬ್ರಾಕೆಟ್ ಹಾಕಿಸಿ. ಮುರಕಲ್ಲಿಗೆ ತೂತು ಕೊರೆದು ಪ್ಲಾಸ್ಟಿಕ್ ಗುಟ್ಟ ಹೊಡೆದರೆ ನಿಲ್ಲುವುದಿಲ್ಲ, ಕಲ್ಲು ಪುಡಿಯಾಗುತ್ತದೆ. ಉದ್ದದ ಆಂಕರ್ ಬೋಲ್ಟೇ ಬೇಕು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರ್ ಹಾಕಿ ಮುಚ್ಚಿಡುವವರಿದ್ದಾರೆ, ಅದು ಬೇಡ; ತೇವ ಒಳಗೇ ನಿಂತು ಪಿನ್ನುಗಳಿಗೆ ಹಸುರು ಹಿಡಿಯುತ್ತದೆ. ಗುಡುಗಿಲ್ಲದ ದಿನ ಒಂದು ಗಂಟೆ ಟಿವಿ ಓಡಿಸಿ, ಅದರ ಬಿಸಿಗೆ ಬೋರ್ಡು ಒಣಗುತ್ತದೆ.

ಪ್ರಶ್ನೆ: ಏಳು ವರ್ಷದ ಎಲ್‌ಇಡಿ ಟಿವಿ. ಸೌಂಡ್ ಬರುತ್ತದೆ, ಚಿತ್ರ ಇಲ್ಲ. ಹೊಸದೇ ತಗೊಳ್ಳಿ ಅಂತ ಒಬ್ಬರು ಹೇಳಿ ಹೋದರು.
(ನಿವೃತ್ತ ಶಿಕ್ಷಕಿ, ಕದ್ರಿ, ಮಂಗಳೂರು)

ಉತ್ತರ: ಟೀಚರ್, ದುಡ್ಡು ಖರ್ಚು ಮಾಡುವ ಮೊದಲು ಇಷ್ಟು ಮಾಡಿ. ರಾತ್ರಿ ಕೋಣೆಯ ದೀಪ ಆರಿಸಿ ಟಿವಿ ಆನ್ ಮಾಡಿ, ಮೊಬೈಲಿನ ಟಾರ್ಚನ್ನು ಪರದೆಗೆ ಹತ್ತಿರ ಓರೆಯಾಗಿ ಹಿಡಿಯಿರಿ. ಬೆಳಕು ಬಿದ್ದ ಕಡೆ ಚಿತ್ರ ಮಸುಕಾಗಿ ಓಡಾಡುವುದು ಕಂಡರೆ ಪ್ಯಾನೆಲ್ ಸರಿ ಇದೆ, ಹೋದದ್ದು ಪರದೆಯ ಹಿಂದಿನ ಬೆಳಕು (ಬ್ಯಾಕ್‌ಲೈಟ್). ಒಳಗೆ ಎಲ್‌ಇಡಿ ಪಟ್ಟಿಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಒಂದು ಸಣ್ಣ ಎಲ್‌ಇಡಿ ಸುಟ್ಟರೂ ಇಡೀ ಸಾಲು ಆರುತ್ತದೆ. ಪಟ್ಟಿ ಬದಲಾಯಿಸುವ ಖರ್ಚು ಹೊಸ ಟಿವಿಯ ಒಂದು ಸಣ್ಣ ಪಾಲು. ಒಂದನ್ನೇ ಹಾಕಿಸದೆ ಎಲ್ಲ ಪಟ್ಟಿಗಳನ್ನೂ ಒಟ್ಟಿಗೆ ಬದಲಾಯಿಸಲು ಹೇಳಿ. ಯೂಟ್ಯೂಬಿನಂಥ ಆ್ಯಪ್‌ಗಳು ಹಳತಾಗಿ ಓಡದಿದ್ದರೆ ಎಚ್‌ಡಿಎಂಐಗೆ ಹಾಕುವ ಸ್ಟಿಕ್ ತಂದರೆ ಸಾಕು. ಟಾರ್ಚಿಗೆ ಏನೂ ಕಾಣದಿದ್ದರೆ, ಅಥವಾ ಪರದೆಯಲ್ಲಿ ಬಿರುಕು ಇದ್ದರೆ ಆಗ ಹೊಸದನ್ನು ಯೋಚಿಸೋಣ. ರಿಪೇರಿಯಾಗಿ ಬಂದ ಮೇಲೆ ಬ್ಯಾಕ್‌ಲೈಟನ್ನು 100ರಲ್ಲಿ ಇಡದೆ ಅರವತ್ತು ಎಪ್ಪತ್ತಕ್ಕೆ ಇಳಿಸಿ. ಪಟ್ಟಿ ಬೇಗ ಸುಡುವುದು ಆ ಬಿಸಿಗೇ.