ಸಂಪಾದಕರ ಉತ್ತರ: ನಿಮ್ಮ ಮಗಳು ಹಿಡಿದಿರುವ ಕೆಲಸ

ಚಿತ್ರದುರ್ಗ ಜಿಲ್ಲೆಯ ನಿವೃತ್ತ ಶಿಕ್ಷಕರೊಬ್ಬರ ಪತ್ರ ಹೋದ ವಾರ ಕೈಸೇರಿತು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಅವರ ಮಗಳು ಗ್ರಂಥಾಲಯ ವಿಜ್ಞಾನ ಓದಿ ಈಗ ಪಿಎಚ್‌.ಡಿಗೆ ಸೇರಿದ್ದಾಳೆ. ಹಳ್ಳಿಯ ಜನ ಕಾಯಿಲೆ ಬಂದಾಗ ಮಾಹಿತಿಗೆ ಯಾರ ಹತ್ತಿರ ಹೋಗುತ್ತಾರೆ, ಊರಿನ ಗ್ರಂಥಾಲಯ ಅಲ್ಲೇನು ಮಾಡಬಹುದು, ಆಶಾ ಕಾರ್ಯಕರ್ತೆಯರಿಗೆ ಆನ್‌ಲೈನ್ ಪಾಠ ಹೇಳಿದರೆ ತಲೆಗೆ ಹತ್ತುತ್ತದೆಯೇ, ಇದು ಅವಳ ವಿಷಯ. ತಂದೆ ಕೇಳಿದ್ದಾರೆ: "ಔಷಧ ಕಂಡುಹಿಡಿದರೆ ಅದು ಸಂಶೋಧನೆ. ಯಾರು ಎಲ್ಲಿ ಏನು ಓದಿದರು ಎಂದು ಊರೂರು ತಿರುಗಿ ಬರೆದುಕೊಳ್ಳುವುದೂ ಸಂಶೋಧನೆಯೇ? ಆರೋಗ್ಯ, ಗ್ರಂಥಾಲಯ, ಆನ್‌ಲೈನ್ ಪಾಠ, ಮೂರು ದೋಣಿಯಲ್ಲಿ ಕಾಲಿಟ್ಟ ಹಾಗಾಗಲಿಲ್ಲವೇ? ಗೂಗಲ್ ಇರುವಾಗ ಗ್ರಂಥಪಾಲಕಿಯ ಹತ್ತಿರ ಯಾರು ಬರುತ್ತಾರೆ?"

ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಮಗಳ ಭವಿಷ್ಯದ ಚಿಂತೆ ಇದೆ. ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಕೆಲಸ ಸಿಗುತ್ತದೆಯೇ ಎಂಬುದಕ್ಕೆ ನಾನು ಖಾತರಿ ಕೊಡಲಾರೆ. ಆದರೆ ಇದು ಸಂಶೋಧನೆಯೇ ಎಂಬ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇದೆ. ಸ್ವಲ್ಪ ಉದ್ದವಾಗುತ್ತದೆ, ಓದಿ.

ಅಮೆರಿಕದ ಬಾಲ್ಟಿಮೋರ್‌ನಲ್ಲಿ 2001ರಲ್ಲಿ ನಡೆದದ್ದರಿಂದ ಶುರು ಮಾಡುತ್ತೇನೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಉಬ್ಬಸದ ಬಗ್ಗೆ ಒಂದು ಪ್ರಯೋಗ ನಡೆದಿತ್ತು. ಆರೋಗ್ಯವಂತರ ಶ್ವಾಸನಾಳ ಹೇಗೆ ತೆರೆದೇ ಇರುತ್ತದೆ ಎಂದು ತಿಳಿಯಲು ಸ್ವಯಂಸೇವಕರಿಗೆ ಹೆಕ್ಸಾಮೆಥೋನಿಯಂ ಎಂಬ ಔಷಧವನ್ನು ಉಸಿರಿನ ಜೊತೆ ಎಳೆದುಕೊಳ್ಳಲು ಕೊಟ್ಟರು. ಹಿಂದೆ ರಕ್ತದೊತ್ತಡಕ್ಕೆ ಬಳಸಿ ಆಮೇಲೆ ಕೈಬಿಟ್ಟಿದ್ದ ಔಷಧ ಅದು. ಅಲ್ಲೇ ಲ್ಯಾಬ್‌ನಲ್ಲಿ ಕೆಲಸಕ್ಕಿದ್ದ 24 ವರ್ಷದ ಹೆಣ್ಣುಮಗಳೊಬ್ಬಳು ಸ್ವಯಂಸೇವಕಿಯಾಗಿ ಮುಂದೆ ಬಂದಳು. ಕೆಮ್ಮು ಶುರುವಾಯಿತು, ಶ್ವಾಸಕೋಶ ಕೆಟ್ಟಿತು, ಒಂದು ತಿಂಗಳೊಳಗೆ ತೀರಿಕೊಂಡಳು.

ಪ್ರಯೋಗಕ್ಕೆ ಮುಂಚೆ ಸಂಶೋಧಕರು ಹುಡುಕಿರಲಿಲ್ಲವೇ? ಹುಡುಕಿದ್ದರು. ವೈದ್ಯಕೀಯ ಲೇಖನಗಳನ್ನು ಕಂಪ್ಯೂಟರಿನಲ್ಲಿ ಹುಡುಕಿಕೊಡುವ ಪಬ್‌ಮೆಡ್‌ನಲ್ಲಿ ನೋಡಿದ್ದರು, ಪಠ್ಯಪುಸ್ತಕ ತಿರುವಿದ್ದರು. ಆದರೆ ಆಗ ಪಬ್‌ಮೆಡ್‌ನಲ್ಲಿ ಇದ್ದದ್ದು 1966ರಿಂದ ಈಚಿನ ಲೇಖನಗಳು. ಈ ಔಷಧ ಶ್ವಾಸಕೋಶಕ್ಕೆ ಹಾನಿ ಮಾಡುತ್ತದೆ ಎಂಬ ವರದಿಗಳು ಬಂದಿದ್ದು 1950ರ ದಶಕದಲ್ಲಿ. ಅವು ಕಂಪ್ಯೂಟರಿನೊಳಗೆ ಇರಲಿಲ್ಲ, ಗ್ರಂಥಾಲಯದ ಕಪಾಟಿನಲ್ಲಿ, ಯಾವ ಲೇಖನ ಎಲ್ಲಿದೆ ಎಂದು ಹೇಳುವ ಅಚ್ಚಾದ ಸೂಚಿಗಳ ಒಳಗೆ ಇದ್ದವು. ಸಾವಿನ ಸುದ್ದಿ ಹೊರಬಿದ್ದ ಮೇಲೆ ಬೇರೆ ಬೇರೆ ಕಡೆಯ ಗ್ರಂಥಪಾಲಕರು ಆ ಹಳೆಯ ವರದಿಗಳನ್ನು ಹುಡುಕಿ ತೆಗೆದು ತೋರಿಸಿದರು. ಆ ವರ್ಷದ ಜುಲೈನಲ್ಲಿ ಸರ್ಕಾರ ತನ್ನ ಹಣದಲ್ಲಿ ಆ ವಿಶ್ವವಿದ್ಯಾಲಯದಲ್ಲಿ ಮನುಷ್ಯರ ಮೇಲೆ ನಡೆಯುತ್ತಿದ್ದ ಹೆಚ್ಚುಕಡಿಮೆ ಎಲ್ಲ ಸಂಶೋಧನೆಯನ್ನೂ ಕೆಲ ದಿನ ನಿಲ್ಲಿಸಿತು.

ಈ ಘಟನೆ ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಬೇಕಾದ ವಿಷಯ ಅಚ್ಚಾಗಿ ಹತ್ತಿರ ಹತ್ತಿರ ಐವತ್ತು ವರ್ಷವಾಗಿತ್ತು. ಹುಡುಕಿದವರು ಪ್ರಾಮಾಣಿಕವಾಗಿಯೇ ಹುಡುಕಿದ್ದರು. ಎರಡರ ನಡುವೆ ಒಬ್ಬ ಮನುಷ್ಯ ಇರಬೇಕಿತ್ತು, ಇರಲಿಲ್ಲ.

ಆ ನಡುವಿನ ಮನುಷ್ಯನ ಕೆಲಸ ಹೊಸದೇನಲ್ಲ. ಅಮೆರಿಕದ ಸೈನ್ಯದಲ್ಲಿ ಶಸ್ತ್ರವೈದ್ಯರಾಗಿದ್ದ ಜಾನ್ ಶಾ ಬಿಲ್ಲಿಂಗ್ಸ್ 1879ರಲ್ಲಿ ಇಂಡೆಕ್ಸ್ ಮೆಡಿಕಸ್ ಎಂಬ, ವೈದ್ಯಕೀಯ ಲೇಖನಗಳ ಮಾಸಿಕ ಸೂಚಿ ಶುರು ಮಾಡಿದರು. ಅದೇ ಬೆಳೆಯುತ್ತಾ ಬಂದು 1971ರಲ್ಲಿ ಕಂಪ್ಯೂಟರಿನಲ್ಲಿ ಹುಡುಕಬಹುದಾದ ಮೆಡ್‌ಲೈನ್ ಆಯಿತು, 1997ರಲ್ಲಿ ಪಬ್‌ಮೆಡ್ ಎಂಬ ಹೆಸರಲ್ಲಿ ಎಲ್ಲರಿಗೂ ಉಚಿತವಾಯಿತು. ಇವತ್ತು ಹೊಸದುರ್ಗದಲ್ಲಿ ಕೂತ ವೈದ್ಯರೂ ಅದನ್ನು ಮೊಬೈಲ್‌ನಲ್ಲಿ ತೆರೆಯಬಹುದು. 1971ರಲ್ಲೇ ಇನ್ನೊಂದು ಕೆಲಸವೂ ಆಯಿತು. ಗರ್ಟ್ರೂಡ್ ಲ್ಯಾಂಬ್ ಎಂಬಾಕೆ ಕಾನ್ಸಾಸ್ ಸಿಟಿಯಲ್ಲಿ ಗ್ರಂಥಪಾಲಕರನ್ನು ವಾರ್ಡಿಗೇ ಕಳಿಸಿದರು. ವೈದ್ಯರು ರೌಂಡ್ಸ್ ಹೋಗುವಾಗ ಗ್ರಂಥಪಾಲಕರೂ ಜೊತೆಗೆ ಹೋಗುವುದು, ಅಲ್ಲಿ ಎದ್ದ ಪ್ರಶ್ನೆಗೆ ಲೇಖನ ಹುಡುಕಿ ತಂದು ಕೊಡುವುದು. ನಮ್ಮಲ್ಲಿ ಇದನ್ನು ಹೇಳಿದರೆ ನಂಬುವವರು ಕಡಿಮೆ.

ಈಗ ನಿಮ್ಮ ಗೂಗಲ್ ಪ್ರಶ್ನೆ. ಕನ್ನಡದಲ್ಲಿಯೇ ನೋಡೋಣ. ಒಬ್ಬರಿಗೆ ಬಾಯಿ ಸೊಟ್ಟಗಾಗಿ, ಒಂದು ಕಡೆ ಕೈಕಾಲು ಬಿದ್ದುಹೋಯಿತು ಅಂದುಕೊಳ್ಳಿ. ಹಳ್ಳಿಯಲ್ಲಿ ಅದಕ್ಕೆ ಲಕ್ವ ಹೊಡೆಯಿತು ಎನ್ನುತ್ತಾರೆ. ನಮ್ಮ ಪತ್ರಿಕೆಯವರು ಪಾರ್ಶ್ವವಾಯು ಎಂದು ಬರೆಯುತ್ತೇವೆ. ಆಸ್ಪತ್ರೆಯ ಫಲಕದಲ್ಲಿ ಸ್ಟ್ರೋಕ್ ಎಂದಿರುತ್ತದೆ. ಮೊಬೈಲ್‌ನಲ್ಲಿ ಲಕ್ವ ಎಂದು ಹುಡುಕಿದವನಿಗೆ ಎಣ್ಣೆ ತಿಕ್ಕುವವರ ವಿಡಿಯೊ ಮೊದಲು ಕಂಡರೆ ನನಗೆ ಆಶ್ಚರ್ಯವಿಲ್ಲ. ಸ್ಟ್ರೋಕ್ ಎಂದು ಹುಡುಕಿದವನಿಗೆ, ರಕ್ತ ಹೆಪ್ಪುಗಟ್ಟಿ ಆದದ್ದಾದರೆ ಹೆಪ್ಪು ಕರಗಿಸುವ ಚುಚ್ಚುಮದ್ದು ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು ಎಂಬ ಮಾತು ಸಿಗುತ್ತದೆ. ರೋಗ ಒಂದೇ. ಹುಡುಕುವ ಪದ ಯಾವುದು ಎಂಬುದರ ಮೇಲೆ ಆ ನಾಲ್ಕೂವರೆ ಗಂಟೆ ಉಳಿಯುವುದೋ ಕಳೆಯುವುದೋ ನಿಂತಿದೆ.

ಇಂಗ್ಲಿಷಿನಲ್ಲಿ ಈ ತೊಂದರೆಯನ್ನು ಗ್ರಂಥಪಾಲಕರು ಎಂದೋ ಗುರುತಿಸಿದ್ದರು. 1960ರಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ಮೆಶ್ ಎಂಬ ವಿಷಯಪದಗಳ ಪಟ್ಟಿ ಹೊರತಂದಿತು. ಲೇಖಕ ಹಾರ್ಟ್ ಅಟ್ಯಾಕ್ ಎಂದು ಬರೆದಿರಲಿ, ವೈದ್ಯರ ಭಾಷೆಯಲ್ಲಿ ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್ ಎಂದು ಬರೆದಿರಲಿ, ಸೂಚಿಯಲ್ಲಿ ಎರಡೂ ಒಂದೇ ಮನೆಗೆ ಸೇರುತ್ತವೆ. ಕನ್ನಡದಲ್ಲಿ ಸಕ್ಕರೆ ಕಾಯಿಲೆ, ಶುಗರ್, ಮಧುಮೇಹ, ಸಿಹಿಮೂತ್ರ ರೋಗ ಇವನ್ನು ಹಾಗೆ ಒಂದೇ ಮನೆಗೆ ಸೇರಿಸಿ, ಬಯಲುಸೀಮೆಯ ಮಾತು ಯಾವುದು, ಕರಾವಳಿಯದು ಯಾವುದು, ಬೀದರ್ ಕಡೆ ಏನೆನ್ನುತ್ತಾರೆ ಎಂದು ಗುರುತು ಹಾಕಿ ಕೊಡಬೇಕಾದರೆ ಯಾರೋ ಒಬ್ಬರು ಊರೂರು ತಿರುಗಿ ಕೇಳಿ ಬರೆದುಕೊಳ್ಳಲೇಬೇಕು. ಔಷಧ ಕಂಪನಿಗೆ ಇದು ಬೇಡ. ಗೂಗಲ್‌ಗೆ ಇದರ ಜರೂರಿಲ್ಲ. ನಿಮ್ಮ ಮಗಳು ಬರೆದುಕೊಳ್ಳುತ್ತಿರುವ ನೋಟ್‌ಬುಕ್ಕಿನಲ್ಲಿ ಅದರ ಬೀಜ ಇದೆ.

ಗ್ರಂಥಾಲಯ ಎಂದರೆ ಪುಸ್ತಕ ಕಾಯುವ ಕೆಲಸ ಎಂದು ತಿಳಿದವರಿಗೆ ಎಸ್.ಆರ್. ರಂಗನಾಥನ್ ಅವರ ಬದುಕು ಉತ್ತರ. ಅವರೂ ನಿಮ್ಮ ಹಾಗೆ ಮೇಷ್ಟ್ರು. ಮದರಾಸಿನಲ್ಲಿ ಗಣಿತ ಹೇಳುತ್ತಿದ್ದವರು 1924ರಲ್ಲಿ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1962ರಲ್ಲಿ ನಮ್ಮ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಎಂಬ ಪ್ರಲೇಖನ, ಅಂದರೆ ಡಾಕ್ಯುಮೆಂಟೇಶನ್, ಸಂಶೋಧನಾ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ವಿಷಯವನ್ನು ಭಾಗ ಭಾಗವಾಗಿ ಬಿಡಿಸಿ ಪುಸ್ತಕಕ್ಕೆ ಸಂಖ್ಯೆ ಕೊಡುವ ಅವರ ಕೋಲನ್ ವರ್ಗೀಕರಣದಲ್ಲಿ ಒಂದು ಪುಸ್ತಕದ ಸಂಖ್ಯೆಯನ್ನು ಬಿಡಿಸಿ ಓದುವುದು ನನಗೆ ಈಗಲೂ ಇಷ್ಟ. ಎಲ್ ಎಂದರೆ ವೈದ್ಯಶಾಸ್ತ್ರ, 45 ಶ್ವಾಸಕೋಶ, 421 ಕ್ಷಯ, 6 ಚಿಕಿತ್ಸೆ, 253 ಎಕ್ಸ್‌ರೇ, ಎಫ್ ಸಂಶೋಧನೆ, 44 ಭಾರತ, ಎನ್5 ಅಂದರೆ 1950. ಪುಸ್ತಕದ ಬೆನ್ನಿನ ಮೇಲಿನ ಒಂದು ಸಾಲು ನೋಡಿದರೆ ಸಾಕು: ಶ್ವಾಸಕೋಶದ ಕ್ಷಯಕ್ಕೆ ಎಕ್ಸ್‌ರೇ ಚಿಕಿತ್ಸೆ ಕುರಿತು 1950ರಲ್ಲಿ ಭಾರತದಲ್ಲಿ ನಡೆದ ಸಂಶೋಧನೆ. ಗಣಿತದ ಮೇಷ್ಟ್ರಲ್ಲದೆ ಬೇರೆ ಯಾರಿಗೆ ಹೊಳೆಯುತ್ತಿತ್ತು ಇದು! 1931ರಲ್ಲಿ ಅವರು ಹೇಳಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು, ಓದುಗರ ಸಮಯ ಉಳಿಸಿ ಎಂಬುದು. ಲಕ್ವದ ನಾಲ್ಕೂವರೆ ಗಂಟೆಯ ಪಕ್ಕದಲ್ಲಿ ಇಟ್ಟು ಆ ಸೂತ್ರವನ್ನು ಇನ್ನೊಮ್ಮೆ ಓದಿ.

ಇನ್ನು ಆನ್‌ಲೈನ್ ಪಾಠ. ಕೊರೊನಾ ಕಾಲದಲ್ಲಿ ಮಕ್ಕಳಿಗೆ ಮೊಬೈಲ್ ಕೊಟ್ಟು ಕೂರಿಸಿದ್ದನ್ನು ನೋಡಿ ನಿಮಗೆ ಇದರ ಮೇಲೆ ನಂಬಿಕೆ ಹೋಗಿದೆ ಎಂದು ಬರೆದಿದ್ದೀರಿ. ಒಪ್ಪುತ್ತೇನೆ. ಆದರೆ ದೊಡ್ಡವರಿಗೆ, ಕೆಲಸದಲ್ಲಿರುವವರಿಗೆ ಕಲಿಸುವ ರೀತಿಯೇ ಬೇರೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಭಾರತ ಮೂಲದ ಸಂಜೀವ್ ಅರೋರಾ ಎಂಬ ಲಿವರ್ ತಜ್ಞರಿದ್ದಾರೆ. ವೈರಸ್‌ನಿಂದ ಲಿವರ್‌ಗೆ ಬರುವ ಹೆಪಟೈಟಿಸ್ ಸಿ ಕಾಯಿಲೆಯ ರೋಗಿಗಳು ಅವರನ್ನು ನೋಡಲು ಎಂಟು ತಿಂಗಳು ಕಾಯಬೇಕಿತ್ತು. 2003ರಲ್ಲಿ ಅವರು ಹಳ್ಳಿಗಳ ಸಾಮಾನ್ಯ ವೈದ್ಯರನ್ನು ವಾರಕ್ಕೊಮ್ಮೆ ವಿಡಿಯೊದಲ್ಲಿ ಕೂಡಿಸತೊಡಗಿದರು. ಅಲ್ಲಿ ಉಪನ್ಯಾಸ ಸ್ವಲ್ಪವೇ. ಹಳ್ಳಿಯ ವೈದ್ಯರು ರೋಗಿಯ ಹೆಸರು ಬಿಟ್ಟು ತಮ್ಮ ಪ್ರಕರಣ ಹೇಳುತ್ತಾರೆ, ತಜ್ಞರೂ ಉಳಿದ ವೈದ್ಯರೂ ಅದನ್ನು ಚರ್ಚಿಸುತ್ತಾರೆ, ಮುಂದಿನ ವಾರ ಏನಾಯಿತು ಎಂದು ಕೇಳುತ್ತಾರೆ. 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಟ್ಟು 407 ರೋಗಿಗಳು. ವಿಶ್ವವಿದ್ಯಾಲಯದ ಕ್ಲಿನಿಕ್ಕಿನಲ್ಲಿ ತಜ್ಞರೇ ನೋಡಿದವರಲ್ಲಿ ಶೇ 57.5ರಷ್ಟು ಮಂದಿಯ ರಕ್ತದಲ್ಲಿ ವೈರಸ್ ಇಲ್ಲವಾಯಿತು. ಹೀಗೆ ಕಲಿತ ಹಳ್ಳಿಯ ಮತ್ತು ಜೈಲಿನ ವೈದ್ಯರು ನೋಡಿದವರಲ್ಲಿ ಶೇ 58.2. ಯಾವ ಹೊಸ ಔಷಧವೂ ಇಲ್ಲದೆ, ಇದ್ದ ತಿಳಿವಳಿಕೆಯನ್ನೇ ಹಂಚಿ ಸಾಧಿಸಿದ್ದು ಇದು. ಎಕೋ ಎಂಬ ಈ ಮಾದರಿಯನ್ನು ನಮ್ಮ ನಿಮ್ಹಾನ್ಸ್ ಕೂಡ ಕೈಗೆತ್ತಿಕೊಂಡು, ಮಾನಸಿಕ ಆರೋಗ್ಯ ಮತ್ತು ವ್ಯಸನದ ವಿಷಯದಲ್ಲಿ ಬಿಹಾರ, ಛತ್ತೀಸ್‌ಗಢದಂಥ ದೂರದ ರಾಜ್ಯಗಳವರಿಗೂ ಬೆಂಗಳೂರಿನಿಂದಲೇ ಕಲಿಸಿದೆ. ಆಶಾ ಕಾರ್ಯಕರ್ತೆಗೆ ಇದು ಒಗ್ಗುತ್ತದೆಯೇ, ನೆಟ್‌ವರ್ಕ್ ಸಿಗದ ಊರಿನಲ್ಲಿ, ಮನೆಗೆಲಸದ ನಡುವೆ ಅವಳು ಯಾವಾಗ ಕೂರುತ್ತಾಳೆ? ಇದನ್ನು ಹೋಗಿ ನೋಡಿಯೇ ತಿಳಿಯಬೇಕು.

ನನ್ನ ಮನೆಯದೊಂದು ಹೇಳುತ್ತೇನೆ. ಕೆಲ ವರ್ಷಗಳ ಹಿಂದೆ ಅಮ್ಮನಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. ಆಸ್ಪತ್ರೆಯವರು ಬಿಡುಗಡೆಯ ದಿನ ಮೂರು ಹಾಳೆ ಕೊಟ್ಟರು, ಪೂರಾ ಇಂಗ್ಲಿಷು. ಮಾತ್ರೆಗಳ ಮುಂದೆ 1-0-1 ಎಂದಿತ್ತು. ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು ಎಂದು ಅದರ ಅರ್ಥ. ಕೊನೆಯ ಮಾತ್ರೆಯ ಮುಂದೆ ಎಸ್ಒಎಸ್ ಎಂದಿತ್ತು, ಅಂದರೆ ನೋವು ತಡೆಯಲಾಗದಿದ್ದರೆ ಮಾತ್ರ. ಅಮ್ಮ ಕನ್ನಡದಲ್ಲಿ ಏಳನೇ ತರಗತಿ ಪಾಸು, ದಿನಾ ಪೇಪರ್ ಓದುವವಳು. ನಾನು ಊರಲ್ಲಿರಲಿಲ್ಲ. ಆ ಮೂರು ಅಕ್ಷರವನ್ನು ಮೂರು ಹೊತ್ತು ಎಂದು ತಿಳಿದು ಒಂಬತ್ತು ದಿನ ನುಂಗಿದಳು. ಹೊಟ್ಟೆಯುರಿ ಹೆಚ್ಚಾಗಿ, ಮಲ ಕಪ್ಪಗಾಗಿ, ಮತ್ತೆ ದಾಖಲು ಮಾಡಬೇಕಾಯಿತು. ಉಳಿದುಕೊಂಡಳು. ಆ ಹಾಳೆ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಮಾತ್ರೆಯ ಹೆಸರಿನ ಕೆಳಗೆ ಅವಳು ಪೆನ್ಸಿಲ್‌ನಲ್ಲಿ ಬೆ, ಮ, ರಾ ಎಂದು ಗುರುತು ಮಾಡಿಕೊಂಡಿದ್ದಾಳೆ. ಅಚ್ಚುಕಟ್ಟಾದ ಅಕ್ಷರ.

ಔಷಧ ಸರಿಯಿತ್ತು, ವೈದ್ಯರು ಒಳ್ಳೆಯವರು. ಹಾಳೆ ಅವಳ ಭಾಷೆಯಲ್ಲಿರಲಿಲ್ಲ, ಓದಿ ಹೇಳುವವರು ಹತ್ತಿರ ಇರಲಿಲ್ಲ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂದು ಹೆಸರಿಟ್ಟಿದ್ದಾರೆ. ಹಲವು ಕಡೆ ಕಂಪ್ಯೂಟರ್ ಬಂದಿದೆ. ಅಮ್ಮನಂಥವರು ಮಾತ್ರೆಯ ಪಟ್ಟಿ ಹಿಡಿದು ಅಲ್ಲಿಗೆ ಹೋದರೆ ಮೇಲ್ವಿಚಾರಕರು ಏನು ಹೇಳಬಹುದು, ಏನು ಹೇಳಬಾರದು, ಯಾವ ಹಂತದಲ್ಲಿ ಕೈಮುಗಿದು ಡಾಕ್ಟರ ಹತ್ತಿರ ಕಳಿಸಬೇಕು? ಚೀಟಿ ಓದಿ ಹೇಳುವುದು ಒಂದು, ಸಲಹೆ ಕೊಡುವುದು ಇನ್ನೊಂದು. ಆ ಗೆರೆ ಎಲ್ಲಿ ಎಳೆಯಬೇಕೆಂದು ಯಾರಾದರೂ ಕೂತು ಅಧ್ಯಯನ ಮಾಡಿ ಹೇಳಬೇಕು. ನೀವು ಮೂರು ದೋಣಿ ಎಂದಿರಲ್ಲ, ಈ ಒಂದು ಮೇಜಿನ ಮುಂದೆ ಮೂರೂ ಬಂದು ಸೇರುತ್ತವೆ: ಅಮ್ಮನ ಕೈಲಿರುವ ಚೀಟಿ, ಮೇಜಿನ ಹಿಂದಿರುವ ಗ್ರಂಥಪಾಲಕರು, ಅವರಿಗೆ ಇದನ್ನು ಕಲಿಸುವ ಪಾಠ.

ನಮ್ಮಿಂದ ಆಗುವುದೊಂದಿದೆ. ಈ ಪತ್ರಿಕೆಯ ಆರೋಗ್ಯ ಪುಟಗಳ ಹಳೆಯ ಸಂಚಿಕೆಗಳೆಲ್ಲ ಕಚೇರಿಯ ಹಿಂದಿನ ಕೋಣೆಯಲ್ಲಿ ವರ್ಷವಾರು ಕಟ್ಟಿಟ್ಟಿವೆ. ವಿಷಯಸೂಚಿ ಇಲ್ಲ. ಓದುಗರೊಬ್ಬರು ಮೂತ್ರಪಿಂಡದ ಕಲ್ಲಿನ ಬಗ್ಗೆ ಹಿಂದೆ ಬಂದ ಲೇಖನ ಕೇಳಿದಾಗ ನಾವು ಎರಡು ದಿನ ಹುಡುಕಿದೆವು, ಸಿಕ್ಕಿದ್ದು ಕಿಡ್ನಿ ಸ್ಟೋನ್ ಎಂಬ ತಲೆಬರಹದ ಅಡಿಯಲ್ಲಿ. ನಿಮ್ಮ ಮಗಳಿಗೆ ಈ ಕಟ್ಟುಗಳು ಉಪಯೋಗಕ್ಕೆ ಬರುವುದಾದರೆ ಯಾವ ದಿನ ಬೇಕಾದರೂ ಬರಲಿ. ಕೋಣೆಯ ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ, ಮೇಜು ಕುರ್ಚಿ ಹಾಕಿಸಿಕೊಡುತ್ತೇನೆ.