ಉಡುಪಿಯಲ್ಲಿ ಮದುವೆ ಕಾಗದ ಪ್ರಿಂಟ್ ಮಾಡಿಸುತ್ತಿದ್ದೇವೆ. ಅಂಗಡಿಯವರು ‘ಪರಿಸರಸ್ನೇಹಿ ಪೇಪರ್’ ಅಂದರೆ ನಂಬಬಹುದಾ?

ಸುಮ್ನೆ ಮಾತು ನಂಬಬೇಡಿ, ಪೇಪರ್ ಬಂಡಲಿನ ಲೇಬಲ್ ತೋರಿಸಲು ಹೇಳಿ. ಎಫ್‌ಎಸ್‌ಸಿ (ಕಾಡನ್ನು ಜವಾಬ್ದಾರಿಯಿಂದ ನೋಡಿಕೊಂಡಿದ್ದಕ್ಕೆ ಪ್ರಮಾಣಪತ್ರದ ವ್ಯವಸ್ಥೆ ನಡೆಸುವ ಅಂತರರಾಷ್ಟ್ರೀಯ ಸಂಸ್ಥೆ) ಗುರುತು ಇದ್ದರೆ ಮರ ಎಲ್ಲಿಂದ ಬಂತು ಅಂತ ಹೊರಗಿನವರು ತಪಾಸಣೆ ಮಾಡಿರುತ್ತಾರೆ. ಆ ಗುರುತಿನ ಜೊತೆ ‘ಮಿಕ್ಸ್’ ಅಂತ ಇದ್ದರೆ ಎಲ್ಲವೂ ಪ್ರಮಾಣಪತ್ರ ಪಡೆದ ಕಾಡಿನದೇ ಆಗಿರಬೇಕಿಲ್ಲ.

ನನ್ನ ಪ್ರಕಾರ ಮರಕ್ಕಿಂತ ನೀರಿನ ವಿಷಯ ದೊಡ್ಡದು. ಮರದ ನಾರುಗಳನ್ನು ಅಂಟಿಸಿ ಹಿಡಿದಿರುವ ಲಿಗ್ನಿನ್ ತೆಗೆಯಲು ಕಾಸ್ಟಿಕ್ ಸೋಡಾದಂಥ ರಾಸಾಯನಿಕ ಹಾಕಿ ಬೇಯಿಸುತ್ತಾರೆ. ಆಗ ಉಳಿಯುವ ಕಪ್ಪು ದ್ರವವನ್ನು ಒಳ್ಳೆಯ ಮಿಲ್‌ಗಳು ಬಾಯ್ಲರ್‌ನಲ್ಲಿ ಸುಟ್ಟು ಶಾಖವನ್ನೂ ರಾಸಾಯನಿಕವನ್ನೂ ವಾಪಸ್ ಪಡೆಯುತ್ತವೆ. ಅದನ್ನೇ ಹೊಳೆಗೆ ಬಿಟ್ಟರೆ ಮೀನುಗಳ ಗತಿ ಹೇಳಬೇಕಾ? ಬಿಳುಪಿಗೆ ಕ್ಲೋರಿನ್ ಅನಿಲ ಬಳಸಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಕ್ಲೋರಿನ್ ಡೈಆಕ್ಸೈಡ್ ಬಳಸಿದರೆ ಅದು ತುಂಬಾ ಕಡಿಮೆ. ಆಕ್ಸಿಜನ್, ಹೈಡ್ರೋಜನ್ ಪೆರಾಕ್ಸೈಡ್ ಆದರೆ ಕ್ಲೋರಿನ್ ಗೊಡವೆಯೇ ಇಲ್ಲ. ಅಷ್ಟಕ್ಕೂ ಮದುವೆ ಕಾಗದ ಹಾಲಿನಷ್ಟು ಬೆಳ್ಳಗೆ ಇರಲೇಬೇಕಾ?

ಜನರ ಲೆಕ್ಕವೂ ಇದೆ. 1958ರಲ್ಲಿ ದಾಂಡೇಲಿಯ ಪೇಪರ್ ಮಿಲ್‌ಗೆ ಕಾಗದ ಮಾಡಲು ಸರ್ಕಾರ ಬಿದಿರು ಕೊಟ್ಟಿದ್ದು ಟನ್‌ಗೆ 1.50 ರೂಪಾಯಿಯಂತೆ. ಬುಟ್ಟಿ ಹೆಣೆಯುವವರು ಪೇಟೆಯಲ್ಲಿ ಅದೇ ಬಿದಿರಿಗೆ ಎಷ್ಟೋ ಪಟ್ಟು ಜಾಸ್ತಿ ಕೊಡಬೇಕಿತ್ತು. ನಮ್ಮ ಕಡೆಯ ಕೊರಗ ಸಮುದಾಯದವರೂ ಬುಟ್ಟಿ ಹೆಣೆದು ಬದುಕಿದವರೇ ಅಲ್ವಾ?

ಕಬ್ಬಿನ ಸಿಪ್ಪೆಯಿಂದ ಮಾಡಿದ ಪೇಪರ್ ಇದೆಯಾ ಕೇಳಿ; ತಮಿಳುನಾಡಿನ ಕರೂರಿನ ಮಿಲ್ ಅದನ್ನು ಮಾಡುತ್ತದೆ. ಪ್ಲಾಸ್ಟಿಕ್ ಲ್ಯಾಮಿನೇಶನ್ ಮಾತ್ರ ಹಾಕಿಸಬೇಡಿ. ಅಂಥ ಪೇಪರ್ ಗುಜರಿಗೆ ಹೋದರೂ ಮತ್ತೆ ಪೇಪರ್ ಆಗುವುದು ಕಷ್ಟ.