ಹೋಗಲು ಎರಡು ಗಂಟೆ, ಬರಲು ಐದು ಗಂಟೆಯೇ?

ಪ್ರಶ್ನೆ: ದುಬೈಯಲ್ಲಿರುವ ಅಳಿಯ ನನಗೆ ಟಿಕೆಟ್ ಕಳಿಸಿದ್ದಾನೆ. ಮಂಗಳೂರಿನಿಂದ ರಾತ್ರಿ 8ಕ್ಕೆ ಹೊರಟು 10:05ಕ್ಕೆ ತಲುಪುತ್ತದೆಯಂತೆ. ಬರುವಾಗ ಬೆಳಿಗ್ಗೆ 10:30ಕ್ಕೆ ಹೊರಟರೆ ಮಧ್ಯಾಹ್ನ 3:15. ದಾರಿ ಒಂದೇ ಅಲ್ಲವೇ? ಭೂಮಿ ತಿರುಗುವುದರಿಂದ ಹೀಗೆ ಎಂದು ಮೊಮ್ಮಗ ವಾದಿಸುತ್ತಾನೆ.
– ಒಬ್ಬರು ಅಜ್ಜಿ, ಪುತ್ತೂರು

ಉತ್ತರ: ಅಮ್ಮಾ, ಟಿಕೆಟ್‌ನಲ್ಲಿ ಹಾಕುವುದು ಆಯಾ ಊರಿನ ಗಡಿಯಾರದ ಹೊತ್ತು. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ದುಬೈಯದು 60 ಡಿಗ್ರಿಯ ಲೆಕ್ಕದಲ್ಲಿ. ಡಿಗ್ರಿಗೆ 4 ನಿಮಿಷದಂತೆ ಅವರು ನಮಗಿಂತ ಒಂದೂವರೆ ಗಂಟೆ ಹಿಂದೆ. ಅದನ್ನು ಸರಿಹೊಂದಿಸಿದರೆ ಹೋಗುವುದಕ್ಕೆ 3 ಗಂಟೆ 35 ನಿಮಿಷ, ಬರುವುದಕ್ಕೆ 3 ಗಂಟೆ 15 ನಿಮಿಷ. ಈಗ ವಿವರಣೆ ಬೇಕಿರುವುದು ಆ 20 ನಿಮಿಷಕ್ಕೆ ಮಾತ್ರ.

ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಿಂದ ದುಬೈಗೆ ಆಕಾಶದಲ್ಲಿ ಸುಮಾರು 2,460 ಕಿ.ಮೀ. ವಿಮಾನದ ವೇಗ ಗಂಟೆಗೆ 850 ಕಿ.ಮೀ. ಎಂದಿಟ್ಟುಕೊಳ್ಳಿ. ಮೇಲೆ ಪಶ್ಚಿಮದಿಂದ ಗಂಟೆಗೆ 50 ಕಿ.ಮೀ. ಗಾಳಿ ಇದ್ದರೆ ಹೋಗುವಾಗ ನೆಲದ ಲೆಕ್ಕಕ್ಕೆ ಸಿಗುವುದು 800, ಬರುವಾಗ 900. ಭಾಗಿಸಿ ನೋಡಿ, ಸರಿಯಾಗಿ ಆ 20 ನಿಮಿಷವೇ ಸಿಗುತ್ತದೆ. ಇನ್ನುಳಿದ ಅರ್ಧ ಗಂಟೆ ರನ್‌ವೇವರೆಗೆ ಉರುಳುವುದಕ್ಕೆ, ಏರುವುದಕ್ಕೆ, ಇಳಿಯುವ ಸರದಿ ಕಾಯುವುದಕ್ಕೆ. ವಿಮಾನ ಜಾಗ ಬಿಟ್ಟು ಕದಲಿದ್ದರಿಂದ ಹಿಡಿದು ಅಲ್ಲಿ ಹೋಗಿ ನಿಲ್ಲುವವರೆಗಿನ ಇಡೀ ಹೊತ್ತಿಗೆ ನಮ್ಮವರು ‘ಬ್ಲಾಕ್ ಟೈಮ್’ ಅನ್ನುತ್ತಾರೆ. ವಿಮಾನ ನಿಲ್ದಾಣದ ಕಂಟ್ರೋಲ್ ಟವರ್‌ನಲ್ಲಿದ್ದ ಕಾಲಕ್ಕೆ ನಾನು ಕಂಡಂತೆ, ಪ್ರಯಾಣಿಕರ ಜಗಳವೆಲ್ಲ ಈ ಅರ್ಧ ಗಂಟೆಯ ಮೇಲೆಯೇ.

ಮೊಮ್ಮಗನನ್ನು ಪೂರ್ತಿ ಬೈಯಬೇಡಿ. ಭೂಮಿ ವಿಮಾನದ ಅಡಿಯಿಂದ ಜಾರಿಹೋಗುವುದಿಲ್ಲ. ಗಾಳಿಯನ್ನೂ, ಅದರೊಳಗಿನ ವಿಮಾನವನ್ನೂ ಜೊತೆಗೇ ಕರೆದುಕೊಂಡು ತಿರುಗುತ್ತದೆ. ಆದರೆ ಎತ್ತರದ ಗಾಳಿ ಯಾವ ಕಡೆಗೆ ಹೊರಳಬೇಕು ಎಂಬುದರಲ್ಲಿ ಆ ತಿರುಗುವಿಕೆಯ ಕೈವಾಡ ಇದ್ದೇ ಇದೆ.

ನೀವು ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್ ಮಳೆಗಾಲದಲ್ಲಿ) ಹೊರಟರೆ ಇನ್ನೊಂದು ಸ್ವಾರಸ್ಯ. ಕೆಳಗೆ ಪಡುವಣ ಗಾಳಿ ನಿಮ್ಮ ತೆಂಗು ಕಂಗುಗಳನ್ನು ಬಗ್ಗಿಸುತ್ತಿರುವಾಗ, ಬಹಳ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಬೇರೆಯೇ ಗಾಳಿ ಓಡುತ್ತಿರುತ್ತದೆ. ನಮ್ಮ ಹವಾಮಾನ ತಜ್ಞ ಪಿ. ಕೋಟೇಶ್ವರಂ 1958ರಲ್ಲೇ ಅದರ ಬಗ್ಗೆ ಬರೆದಿದ್ದರು. ಆಗ ಹೋಗುವ ವಿಮಾನಕ್ಕೂ ಸ್ವಲ್ಪ ಬೆನ್ನುಗಾಳಿ ಸಿಕ್ಕಿ, ಹೋಗಿಬರುವ ಅಂತರ ಕುಗ್ಗುತ್ತದೆ. ವೇಳಾಪಟ್ಟಿ ದಿನದಿನದ ಗಾಳಿಗೆ ಬದಲಾಗುವುದಿಲ್ಲ, ಹಾಗಾಗಿ ಹತ್ತು ನಿಮಿಷ ಮೊದಲೇ ಇಳಿದರೆ ಅಳಿಯ ಇನ್ನೂ ಬಂದಿಲ್ಲವೆಂದು ಗಾಬರಿಯಾಗಬೇಡಿ.

ಪ್ರಶ್ನೆ: ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲೆ ಬರುವುದು ಸುತ್ತುದಾರಿಯಲ್ಲವೇ?
– ಕಾಲೇಜು ವಿದ್ಯಾರ್ಥಿ, ತುಮಕೂರು

ಉತ್ತರ: ಗೋಡೆಯ ನಕ್ಷೆ ಬಿಟ್ಟು ಗ್ಲೋಬ್ ಮೇಲೆ ದಾರ ಬಿಗಿದು ನೋಡಿ. ಎರಡೂ ಊರುಗಳ ರೇಖಾಂಶಕ್ಕೆ ಸುಮಾರು 200 ಡಿಗ್ರಿ ಅಂತರ. ಅಂದರೆ ಹೆಚ್ಚುಕಮ್ಮಿ ಭೂಮಿಯ ಆಚೆ ಮಗ್ಗುಲು. ದಾರ ತಾನಾಗಿ ಧ್ರುವದ ಹತ್ತಿರಕ್ಕೆ ಜಾರುತ್ತದೆ. ಆ ದಾರಿ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಏರ್ ಇಂಡಿಯಾ ವಿಮಾನವನ್ನು ಹೀಗೇ ತಂದು ಬೆಂಗಳೂರಿನಲ್ಲಿ ಇಳಿಸಿತು. ಸುಮಾರು 17 ಗಂಟೆ ಹಿಡಿಯಿತು. ಇಲ್ಲಿಂದ ಅಲ್ಲಿಗೆ ಹೋಗುವಾಗ ಮಾತ್ರ ಪೆಸಿಫಿಕ್ ಮೇಲಿನ ದಾರಿ ಉದ್ದವಾದರೂ ಲಾಭವಾಗಬಹುದು, ಅಲ್ಲಿ ಬೆನ್ನುಗಾಳಿ ಜೋರು.